ತಳದ ಗುಟುಕು

ಆ ಬೀದಿಯ ಔಷಧಿ ಅಂಗಡಿಯ ಮುದುಕನಿಗೆ ಎರಡು ಹೆಸರಿದ್ದವು. ಎದುರಿಗೆ ಡಾಕ್ಟ್ರೇ ಅನ್ನುತ್ತಿದ್ದರು, ಬೆನ್ನು ತಿರುಗಿದರೆ ಗುಟುಕು ಜಿಪುಣ. ಅವನು ಡಾಕ್ಟರಾಗಿರಲಿಲ್ಲ. ಜಿಪುಣ ಹೌದೋ ಅಲ್ಲವೋ ಎಂಬ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ.

ಔಷಧಿಯನ್ನು ಅಂಗಡಿಯಲ್ಲೇ ಅರೆದು, ಬೆರೆಸಿ, ಬಾಟಲಿಗೆ ತುಂಬಿ ಕೊಡುತ್ತಿದ್ದ ಕಾಲ ಅದು. ಬಾಟಲಿಯ ಪಕ್ಕಕ್ಕೆ ಗರಗಸದ ಹಲ್ಲಿನಂತೆ ಕತ್ತರಿಸಿದ ಒಂದು ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಒಂದು ಹಲ್ಲು ಇಳಿದರೆ ಒಂದು ಸಲದ ಔಷಧಿ. ಇದು ಎಲ್ಲ ಅಂಗಡಿಯಲ್ಲೂ ಇದ್ದ ಪದ್ಧತಿಯೇ. ಆದರೆ ಈ ಅಂಗಡಿಯ ಪಟ್ಟಿಯಲ್ಲಿ ಕೊನೆಯ ಹಲ್ಲಿಗೆ ಮಾತ್ರ ಕೆಂಪು ಬಣ್ಣ. ಕೆಂಪು ಮುಟ್ಟಿತೋ, ಬಾಟಲಿಯನ್ನು ಹಾಗೇ ವಾಪಸ್ಸು ತರಬೇಕು. ತಳದ ಗುಟುಕು ಅಂಗಡಿಯದು. ಮುದುಕ ಅದನ್ನು ತಂದವರ ಎದುರಿಗೇ ಚರಂಡಿಗೆ ಸುರಿದು, ಆಮೇಲೆ ಹೊಸ ಬಾಟಲಿಗೆ ಕೈ ಹಾಕುತ್ತಿದ್ದ. ಚರಂಡಿಗೆ ಬೇಕಾದರೆ ಹೋಗಲಿ, ಗಿರಾಕಿಯ ಹೊಟ್ಟೆಗೆ ಮಾತ್ರ ಒಂದು ಗುಟುಕು ಹೆಚ್ಚಿಗೆ ಹೋಗಬಾರದು ಅನ್ನುವ ಆಸಾಮಿ ಎಂದು ಜನ ಮೂಗು ಮುರಿಯುತ್ತಿದ್ದರು. ಆ ಚರಂಡಿಯ ಇಲಿಗಳಿಗೆ ಜನ್ಮದಲ್ಲಿ ಕೆಮ್ಮು ಬಂದಿಲ್ಲ ಎಂದು ಎದುರಿನ ಕ್ಷೌರದಂಗಡಿಯಲ್ಲಿ ಒಂದು ಹಾಸ್ಯ ಬಹಳ ವರ್ಷ ಚಾಲ್ತಿಯಲ್ಲಿತ್ತು.

ಮುದುಕ ಹೋದ ಮೇಲೆ ಅಂಗಡಿ ಮೊಮ್ಮಕ್ಕಳ ಕೈಗೆ ಬಂತು. ವ್ಯಾಪಾರ ನೋಡಿಕೊಳ್ಳುವವನು ಅಣ್ಣ. ಔಷಧಶಾಸ್ತ್ರ ಓದಿ ಬಂದವಳು ತಂಗಿ. ಅವಳನ್ನು ಮನೆಯಲ್ಲೂ ಬೀದಿಯಲ್ಲೂ ಕಹಿ ಎಂದೇ ಕರೆಯುತ್ತಿದ್ದರು. ತೆವಳುವ ವಯಸ್ಸಿನಲ್ಲಿ ತಾತನ ಬೆರಳಿಗೆ ಮೆತ್ತಿದ್ದ ಚಳಿಜ್ವರದ ಪುಡಿಯನ್ನು ನೆಕ್ಕಿ, ಮುಖ ಕಿವುಚದೆ, ಇನ್ನಷ್ಟು ಬೇಕೆಂದು ಕೈ ಚಾಚಿದಳಂತೆ. ಹೆಸರು ಅಂಟಿಕೊಂಡಿತು. ಸ್ವಭಾವವೂ ಅದಕ್ಕೆ ತಕ್ಕ ಹಾಗೆ ಬೆಳೆಯಿತು ಎಂದು ಅಣ್ಣ ಹೇಳುತ್ತಿದ್ದ.

ಅಂಗಡಿಯ ಹಿಂದೆ ಒಂದು ಕೋಣೆ. ಮೊಣಕೈ ತಾಗಿ ತಾಗಿ ಅಂಚು ಸವೆದ ಉದ್ದ ಮೇಜು, ಗಾಜಿನ ಪೆಟ್ಟಿಗೆಯೊಳಗೆ ಸೂಕ್ಷ್ಮ ತಕ್ಕಡಿ, ಔಷಧಿ ಅರೆಯುವ ಪಿಂಗಾಣಿಯ ಕಲ್ವ, ಗೋಡೆ ತುಂಬ ಜಾಡಿಗಳು. ಆ ಜಾಡಿಗಳಲ್ಲಿ ಅರ್ಧಕ್ಕರ್ಧ ಯಾವ ಕೆಲಸಕ್ಕೂ ಬಾರದವು ಎಂದು ಕಹಿ ಕಾಲೇಜಿನ ಮೊದಲ ವರ್ಷವೇ ಕಂಡುಕೊಂಡಿದ್ದಳು. ಬಂದು ತಾತನ ಮುಖಕ್ಕೇ ಹೇಳಿದ್ದಳು. ಮುದುಕ ಬೇಜಾರು ಮಾಡಿಕೊಳ್ಳಲಿಲ್ಲ. ಅರ್ಧ ಅಲ್ಲ, ಮುಕ್ಕಾಲು ಎಂದು ತಿದ್ದಿದ. ಮನುಷ್ಯ ಔಷಧಿಯೆಂದು ಏನೇನು ನುಂಗಿದ್ದಾನೆ ಎಂದು ಅವನು ಹೇಳುತ್ತ ಹೋದರೆ ಊಟಕ್ಕೆ ಕೂತವರು ಎದ್ದು ಹೋಗಬೇಕು: ಮುತ್ತಿನ ಪುಡಿ, ಸೀಸ, ಪಾದರಸ, ಸಾವಿರಾರು ವರ್ಷ ಒಣಗಿದ ಹೆಣವನ್ನು ಗೋರಿಯಿಂದ ತೆಗೆದು ಅರೆದ ಧೂಳು. ಆ ಕಸದ ರಾಶಿಯ ನಡುವೆ ಅಲ್ಲೊಂದು ತೊಗಟೆ, ಇಲ್ಲೊಂದು ಎಲೆ, ಒಂದು ಬೂಸ್ಟು ಮಾತ್ರ ನಿಜ.

"ನಮ್ಮ ಕಸುಬಿನವರು ತಲೆತಲಾಂತರದಿಂದ ಮಾರಿದ್ದು ಬಹುಪಾಲು ಕಸ ಕಣೆ," ಎಂದಿದ್ದ ತಾತ. "ಆದ್ರೂ ಜನ ಬಾಯಿ ತೆರೀತಾನೇ ಇದ್ರು. ನಂಗೆ ಇವತ್ತಿಗೂ ಅರ್ಥ ಆಗದೆ ಇರೋದು ಆ ಕಸ ಅಲ್ಲ, ಆ ಬಾಯಿ."

ಕಹಿ ಆಗ ನಕ್ಕಿದ್ದಳು. ಮುದುಕರ ದೊಡ್ಡ ಮಾತು ಅನ್ನಿಸಿತ್ತು.

ಈಗ ಎಲ್ಲವೂ ಕಾರ್ಖಾನೆಯಿಂದ ಸೀಲಾಗಿ ಬರುತ್ತಿತ್ತು. ಹಿಂದಿನ ಕೋಣೆಯ ಮೇಜು ಕಿತ್ತು ಅಲ್ಲಿ ಎರಡು ದೊಡ್ಡ ಫ್ರಿಜ್ ಇಡೋಣ, ಇನ್ಸುಲಿನ್ನು ಲಸಿಕೆ ಎಲ್ಲ ಇಟ್ಟುಕೊಳ್ಳಬಹುದು ಎಂದು ಅಣ್ಣ ಹೇಳಿದಾಗ ಅವಳು ತಕರಾರು ತೆಗೆಯಲಿಲ್ಲ. ಹಳೆಯ ಜಾಡಿಗಿಂತ ತಣ್ಣಗಿನ ಇನ್ಸುಲಿನ್ ಜನಕ್ಕೆ ಉಪಯೋಗ. ಮುಂದಿನ ತಿಂಗಳು ಬಡಗಿ ಬಂದು ಮೇಜು ಬಿಚ್ಚುವುದೆಂದು ಮಾತಾಯಿತು.

ಅಷ್ಟರಲ್ಲಿ ಗಾಜಿನವನು ಬಂದ.

ಕಿಟಕಿಗಳಿಗೆ ಗಾಜು ಕತ್ತರಿಸಿ ಕೂರಿಸುವವನು. ಕೈ ಬರಿದಾಗಿದ್ದರೂ ದೊಡ್ಡ ಗಾಜೊಂದನ್ನು ತಬ್ಬಿಕೊಂಡವನ ಹಾಗೆ ಮೊಣಕೈ ಅಗಲಿಸಿ, ಹೆಜ್ಜೆಯಲ್ಲಿ ಒಂದಿಷ್ಟೂ ಕುಲುಕಿಲ್ಲದೆ ನಡೆಯುತ್ತಿದ್ದ. ಅಂಗೈ ತುಂಬ ಹಳೆಯ ಗಾಯದ ಬಿಳಿ ಗೆರೆಗಳು. ಅವನ ಕೂಸಿಗೆ ಹುಟ್ಟುವಾಗಲೇ ಎದೆಗೂಡಿನೊಳಗೆ ತೊಂದರೆ. ಆಪರೇಷನ್ ಮಾಡಬೇಕು, ಆದರೆ ಅದಕ್ಕೆ ಕೂಸು ಇನ್ನಷ್ಟು ತೂಕ ಬರಬೇಕು. ಅಲ್ಲಿಯವರೆಗೆ ಹೃದಯವನ್ನು ಹತೋಟಿಯಲ್ಲಿ ಇಡಲು ಒಂದು ಔಷಧಿ. ಚೀಟಿ ಓದಿದ ಕೂಡಲೇ ಅವನು ಎಷ್ಟು ಅಂಗಡಿ ಅಲೆದು ಬಂದಿದ್ದಾನೆಂದು ಕಹಿಗೆ ಗೊತ್ತಾಯಿತು. ಕಾರ್ಖಾನೆಗಳು ಅದನ್ನು ದೊಡ್ಡವರ ಮಾತ್ರೆಯಾಗಿ ಮಾತ್ರ ಮಾಡುತ್ತಿದ್ದವು. ಅಂಗೈಯಷ್ಟು ಕೂಸಿಗೆ ಬೇಕಾದ ಪ್ರಮಾಣವನ್ನು ಯಾರೂ ಮಾಡುತ್ತಿರಲಿಲ್ಲ. ಅಂಥ ಕೂಸುಗಳು ಎಷ್ಟಿದ್ದಾವು, ಯಾರು ಮಾಡಿಯಾರು? ಮಾತ್ರೆಯನ್ನು ಅರೆದು, ಸಕ್ಕರೆ ಪಾಕದಲ್ಲಿ ಬೆರೆಸಿ, ತೆಳುವಾಗಿಸಬೇಕು. ಆ ಕೆಲಸ ಬಲ್ಲ ಕೋಣೆ ಊರಿನಲ್ಲಿ ಇದ್ದದ್ದು ಇದೊಂದೇ.

ಕೌಂಟರಿನ ಕೆಳಗೆ ಅಣ್ಣ ಅವಳ ಕಾಲು ತುಳಿದ. ಬೇಡ ಎಂದು ಅರ್ಥ. ಅವಳು ಕಾಲು ಎಳೆದುಕೊಂಡು, ಸಂಜೆ ಬನ್ನಿ ಎಂದಳು.

ಗಾಜಿನವನು ಆಚೆ ಹೋದ ಮೇಲೆ ಅಣ್ಣ ತರಾಟೆಗೆ ತೆಗೆದುಕೊಂಡ. "ನಾಳೆ ಏನಾದ್ರೂ ಆದ್ರೆ ಕಾರ್ಖಾನೆಯವನು ಬರಲ್ಲ. ನಿನ್ನ ಕುತ್ತಿಗೆಗೇ ಬರುತ್ತೆ."

"ಗೊತ್ತು."

"ಗೊತ್ತಿದ್ದೂ?"

"ಗೊತ್ತಿದ್ದೂ. ಕಲ್ವ ಎಲ್ಲಿಟ್ಟಿದ್ದೀಯ, ಗುಜರಿಗೆ ಹಾಕಿಲ್ಲ ತಾನೆ?"

ಹಾಕಿರಲಿಲ್ಲ. ಅವಳು ಅದನ್ನು ಬಿಸಿನೀರಿನಲ್ಲಿ ತೊಳೆದು ಒರೆಸಿ, ಮಾತ್ರೆಗಳನ್ನು ಅರೆಯಲು ಕೂತಳು. ಕಾಲೇಜಿನಲ್ಲಿ ಅಂಕಕ್ಕಾಗಿ ಮಾಡಿದ್ದು ಬಿಟ್ಟರೆ ಈ ಕೆಲಸ ಮಾಡಿರಲಿಲ್ಲ. ಪುಡಿ ಮೊದಲು ಮರಳಿನಂತಿತ್ತು, ಆಮೇಲೆ ಹಿಟ್ಟಾಯಿತು, ಕೊನೆಗೆ ಬೆರಳಿಗೆ ತಾಗಿದ್ದೇ ಗೊತ್ತಾಗದಷ್ಟು ನಯವಾಯಿತು. ಒಬ್ಬ ದಾಂಡಿಗ ಗಂಡಸಿನ ಹೃದಯವನ್ನು ಅಂಕೆಗೆ ತರುವ ಶಕ್ತಿ ಆ ಚಿಟಿಕೆಯಲ್ಲಿ. ಅದನ್ನು ಹಿಗ್ಗಿಸಿ, ನೀರಾಗಿಸಿ, ಹೆಬ್ಬೆರಳ ತುದಿಯಷ್ಟು ಹೃದಯಕ್ಕೆ ಹೊಂದಿಸಬೇಕು. ಕಣ್ಣಿಗೆ ಕಾಣದ ಇಷ್ಟು ಧೂಳು ಹೋಗಿ, ಕತ್ತಲಲ್ಲಿ ಬಡಿದುಕೊಳ್ಳುವ ಒಂದು ಮಾಂಸದ ಮುದ್ದೆಗೆ ಹೀಗಲ್ಲ ಹೀಗೆ ಬಡಿ ಎಂದು ಹೇಳಿಕೊಡುತ್ತದೆ. ಅದು ಹೇಗೆ ಎಂದು ಪುಸ್ತಕದಲ್ಲಿ ಚಿತ್ರ ಬಿಡಿಸಿ ತೋರಿಸಿದ್ದರು, ಅವಳು ಆ ಚಿತ್ರ ಬರೆದು ಪಾಸೂ ಆಗಿದ್ದಳು. ಈಗ ಕಲ್ವದ ಮುಂದೆ ಕೂತು ಅದೇ ಮಾತು ಯೋಚಿಸಿದರೆ ಮೈ ಜುಮ್ಮೆಂದಿತು.

ಔಷಧಿ ಬೆಳಕಿಗೆ ಕೆಡುವಂಥದ್ದು. ಕಂದು ಗಾಜಿನ ಬಾಟಲಿಗೆ ತುಂಬಿದಳು. ಕತ್ತರಿ ತೆಗೆದು ಕಾಗದ ಮಡಚಿ ಹಲ್ಲು ಕತ್ತರಿಸಿದಳು, ದಿನಕ್ಕೊಂದು ಹಲ್ಲು. ಕೊನೆಯ ಹಲ್ಲಿಗೆ ಕೆಂಪು ಬಳಿದ ಮೇಲೆ ತಾನೇನು ಮಾಡಿದೆ ಎಂದು ಅವಳಿಗೇ ಹೊಳೆಯಿತು. ಚಿಕ್ಕಂದಿನಲ್ಲಿ ತಾತನ ಪಕ್ಕ ಕೂತು ಇಂಥವು ನೂರಾರು ಬಳಿದಿದ್ದಳು, ಕೈಗೆ ನೆನಪಿತ್ತು. ಅಣ್ಣ ನೋಡಿ, ಜಿಪುಣನ ಮೊಮ್ಮಗಳು ಎಂದು ನಕ್ಕ. ಕೀಳಲು ಹೊರಟವಳು, ಅಂಟು ಒಣಗಿತ್ತು, ಇರಲಿ ಎಂದು ಬಿಟ್ಟಳು.

ಸಂಜೆ ಬಾಟಲಿಯನ್ನು ಕುಲುಕಿ ಕೊಡುತ್ತ ಗಾಜಿನವನಿಗೆ ಎರಡು ಮಾತು ಹೇಳಿದಳು. ಪ್ರತಿ ಸಲ ಚೆನ್ನಾಗಿ ಅಲ್ಲಾಡಿಸಿ ಕೊಡಬೇಕು. ಕೆಂಪು ಮುಟ್ಟಿದ ಮೇಲೆ ಕೊಡಬಾರದು, ಬಾಟಲಿ ವಾಪಸ್ಸು ತರಬೇಕು. ಅವನು ಎರಡಕ್ಕೂ ತಲೆಯಾಡಿಸಿ, ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು, ಮಲಗಿದ ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಹೋದ.

ಕೆಂಪು ಮುಟ್ಟಿದ ದಿನ ಬಾಟಲಿ ವಾಪಸ್ಸು ತಂದ. ಮುಖ ಸಪ್ಪಗಿತ್ತು. "ಬಾಟಲಿ ತಂದ ಮೊದಲ ದಿನ ಚೆನ್ನಾಗಿದ್ಲು ಮೇಡಂ. ಆಮೇಲೆ ಮತ್ತೆ ಉಸಿರಾಟ ಹಾಗೇ ಆಯ್ತು," ಎಂದ. ಆಸ್ಪತ್ರೆಯ ಡಾಕ್ಟರು ನೋಡಿ, ಔಷಧಿ ಸಾಲುತ್ತಿಲ್ಲವೆಂದು ಪ್ರಮಾಣವನ್ನು ಎರಡರಷ್ಟು ಮಾಡಿ ಹೊಸ ಚೀಟಿ ಕೊಟ್ಟಿದ್ದರು. ಕೌಂಟರಿನಲ್ಲಿ ಜನ ಜಮಾಯಿಸಿದ್ದರು. ಕಹಿ ಬಾಟಲಿಯನ್ನು ತೊಟ್ಟಿಗೆ ಬಗ್ಗಿಸಿದಳು. ತಳದ ಗುಟುಕು ನೀರಿನಂತೆ ಸುರಿಯಲಿಲ್ಲ, ಕಲಸಿದ ಸುಣ್ಣದಂತೆ ಮಂದವಾಗಿ ಜಾರಿ ಬಿತ್ತು. ಅದು ಅವಳ ಕೈಗೆ ತಿಳಿಯಿತು. ತಲೆ ಕೌಂಟರಿನಲ್ಲಿತ್ತು. ನಲ್ಲಿ ಬಿಟ್ಟು ತೊಳೆದು, ಎರಡರಷ್ಟು ಗಟ್ಟಿಯ ಹೊಸ ಬಾಟಲಿ ಮಾಡಿ, ಕುಲುಕಿ, ಅವನ ಕೈಗಿಟ್ಟಳು.

ಆ ಬಾಟಲಿ ಮುಗಿಯುವ ದಿನ, ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ, ಸೋದರತ್ತೆ ಬಂದಳು. ತಾತನ ಹಿರಿಮಗಳು, ಈ ಕೋಣೆಯಲ್ಲೇ ಆಡಿ ಬೆಳೆದವಳು. ಮರುದಿನ ಬಡಗಿ ಬರುತ್ತಾನೆಂದು ಕೇಳಿ, ಒಂದು ಸಲ ನೋಡಿ ಹೋಗೋಣವೆಂದು ಬಂದಿದ್ದಳು. ಸ್ಟೂಲಿನ ಮೇಲೆ ಕೂತು, ಮೇಜಿನ ಅಂಚನ್ನು ಸವರಿ, ಇದನ್ನು ಕಿತ್ತರೆ ನಿಮ್ಮಪ್ಪನ ಹಾಲುಹಲ್ಲಿನ ಗುರುತೂ ಹೋಗುತ್ತೆ ಎಂದು ಒಂದು ಕಚ್ಚಿದ ಗುರುತು ತೋರಿಸಿದಳು. ಅಷ್ಟರಲ್ಲಿ ಮೇಜಿನ ಮೇಲಿದ್ದ ಕತ್ತರಿಸಿದ ಪಟ್ಟಿ ಕಣ್ಣಿಗೆ ಬಿತ್ತು.

"ಕೆಂಪು ಇನ್ನೂ ಹಾಕ್ತೀಯೇನೇ?"

ಅಭ್ಯಾಸ ಬಲ, ಎಂದಳು ಕಹಿ. ತಾತನ ಜಿಪುಣತನದ ಗುರುತು.

ಅತ್ತೆ ಪಟ್ಟಿಯನ್ನು ಕೈಗೆತ್ತಿಕೊಂಡಳು. "ನಮ್ಮಪ್ಪ ನಿಂಗೆ ಹೇಳ್ಲೇ ಇಲ್ವಾ?"

ಆಮೇಲೆ ಹೇಳಿದಳು. ಪಟ್ಟಿಗೆ ಕೆಂಪು ಬಳಿಯಲು ಶುರುಮಾಡಿದ್ದು ತಾತನಲ್ಲ, ತಾತನ ಅಪ್ಪ. ಆ ಕಾಲಕ್ಕೆ ಅವನಷ್ಟು ನಿಖರವಾಗಿ ತೂಗುವವನು ಸುತ್ತಮುತ್ತ ಇರಲಿಲ್ಲ. ಈ ಬೀದಿಯ ಒಬ್ಬ ಮೇಷ್ಟ್ರಿಗೆ ನರದ ನಿಶ್ಶಕ್ತಿಗೆಂದು ಒಂದು ಔಷಧಿ ಮಾಡಿಕೊಟ್ಟ. ಅದರಲ್ಲಿ ಒಂದು ವಿಷ, ಎಳ್ಳಿಗಿಂತ ಕಮ್ಮಿ. ಆಗ ಎಲ್ಲರೂ ಹಾಕುತ್ತಿದ್ದರು. ಜೊತೆಗೆ ಒಂದು ಉಪ್ಪು. ಎರಡೂ ಬೇರೆಬೇರೆಯಾಗಿ ನೀರಲ್ಲಿ ತಿಳಿಯಾಗಿ ಕರಗುವಂಥವು. ಒಟ್ಟಿಗಿದ್ದರೆ ಮಾತ್ರ, ದಿನ ಕಳೆದಂತೆ, ವಿಷ ಮೆಲ್ಲಗೆ ಹರಳುಗಟ್ಟಿ ತಳಕ್ಕೆ ಇಳಿಯುತ್ತಿತ್ತು. ಅದು ಅವನಿಗೆ ಗೊತ್ತಿರಲಿಲ್ಲ. ಮೇಷ್ಟ್ರು ಮೇಲಿನದನ್ನೆಲ್ಲ ಕುಡಿದು ಚೆನ್ನಾಗಿಯೇ ಇದ್ದರು. ಕೊನೆಯ ಗುಟುಕು ಕುಡಿದ ದಿನ ಸತ್ತರು. ಇಡೀ ಬಾಟಲಿಯ ವಿಷ ಆ ಒಂದು ಗುಟುಕಿನಲ್ಲಿತ್ತು.

"ತೂಕ ಸರಿಯಾಗೇ ಇತ್ತು ಕಣೇ," ಎಂದಳು ಅತ್ತೆ. "ಅದೇ ನಿಮ್ಮ ಮುತ್ತಾತನ್ನ ಒಳಗೊಳಗೇ ತಿಂದಿದ್ದು. ಎಲ್ಲೂ ತಪ್ಪು ಸಿಗಲಿಲ್ಲ."

ಅಂಗಡಿಗೆ ಬೀಗ ಹಾಕಿ, ಕಸುಬು ಬಿಡುವುದೆಂದು ಒಳಗೆ ಕೂತನಂತೆ. ಮೇಷ್ಟ್ರ ಮಣ್ಣು ಮುಗಿದ ಮಾರನೆಯ ಬೆಳಿಗ್ಗೆ ಯಾರೋ ಬಾಗಿಲು ಬಡಿದರು. ಕಲ್ಲು ಹೊಡೆಯಲು ಬಂದರೆಂದುಕೊಂಡು ತೆರೆದರೆ, ಮೇಷ್ಟ್ರ ಹೆಂಡತಿ. ಕಂಕುಳಲ್ಲಿ ಜ್ವರ ಬಂದ ಮಗು. ಔಷಧಿ ಕೊಡಿ ಎಂದು ಕೈ ಚಾಚಿದಳು. ಇವನು, ನನ್ನ ಕೈಲಾಗಲ್ಲಮ್ಮ ಎಂದ.

"ಅದಕ್ಕೆ ಆಯಮ್ಮ ಏನಂದ್ಲು ಗೊತ್ತಾ? ನೀವು ಕೊಡ್ಲಿಲ್ಲ ಅಂದ್ರೆ ನಾನು ಇದನ್ನ ಎತ್ಕೊಂಡು ಇನ್ಯಾರ ಹತ್ರ ಹೋಗ್ಲಿ, ಅಂದ್ಲು."

ಕೊಟ್ಟ. ಅವತ್ತು ಮೊದಲ ಸಲ ಕೊನೆಯ ಹಲ್ಲಿಗೆ ಕೆಂಪು ಬಳಿದ. ಬಲ್ಲದ್ದಕ್ಕೆ ತಕ್ಕಡಿ ಇದೆ, ತಿಳಿಯದ್ದಕ್ಕೆ ಒಂದು ಗುಟುಕು ಬಿಡಬೇಕು ಎಂದು ಮಗನಿಗೆ ಹೇಳಿಕೊಟ್ಟ. ಕೆಂಪು ಯಾಕೆಂದು ಊರಿಗೆ ಹೇಳುವಂತಿರಲಿಲ್ಲ; ಹೇಳಿದರೆ ಜನ ಬಾಟಲಿಯನ್ನೇ ಮುಟ್ಟುತ್ತಿರಲಿಲ್ಲ. ಜಿಪುಣ ಅನ್ನಿಸಿಕೊಳ್ಳುವುದು ಅಗ್ಗವಾಗಿತ್ತು.

ಕಹಿ ಕೇಳುತ್ತಿದ್ದಳು. ಅವಳ ಬೆರಳು ಮಾತ್ರ ಯಾವುದನ್ನೋ ನೆನೆಸಿಕೊಳ್ಳುತ್ತಿತ್ತು: ತೊಟ್ಟಿಗೆ ಬಗ್ಗಿಸಿದ ಬಾಟಲಿ, ಕಲಸಿದ ಸುಣ್ಣದಂತೆ ಜಾರಿದ್ದು. ಬಾಟಲಿ ತಂದ ಮೊದಲ ದಿನ ಚೆನ್ನಾಗಿದ್ಲು. ಮೊದಲ ದಿನ ಮಾತ್ರ. ತಾನು ಕುಲುಕಿ ಕೊಟ್ಟ ದಿನ.

ಗಾಜಿನವನು ಅಲ್ಲಾಡಿಸುತ್ತಿಲ್ಲ. ಈ ಸಲದ ಬಾಟಲಿ ಎರಡರಷ್ಟು ಗಟ್ಟಿ. ಇವತ್ತು ಕೆಂಪು ಮುಟ್ಟಿರಬೇಕು, ಅವನಿನ್ನೂ ಬಂದಿಲ್ಲ.

ಚಪ್ಪಲಿ ಮೆಟ್ಟಿ ಓಡಿದಳು. ಗಾಜಿನ ಅಂಗಡಿ ಎರಡು ಬೀದಿ ಆಚೆ. ಗೋಡೆಗೊರಗಿಸಿದ ಗಾಜಿನ ಹಾಳೆಗಳಲ್ಲಿ ಅವಳದೇ ಹತ್ತಾರು ಬಿಂಬಗಳು ಏದುಸಿರು ಬಿಡುತ್ತ ಅವಳ ಜೊತೆ ಓಡಿದವು. ಮನೆ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲಲ್ಲೇ ಗಂಡಹೆಂಡಿರ ಜಗಳ ಕೇಳಿಸಿತು. ದೂರದ ಕಟ್ಟಡದ ಕೆಲಸದಿಂದ ಅವನು ಆಗಷ್ಟೇ ಬಂದಿದ್ದ. ಕೂಸು ಬೆಳಿಗ್ಗೆಯಿಂದ ಉಸಿರಿಗೆ ಒದ್ದಾಡುತ್ತಿತ್ತು.

"ಬಾಟಲೀಲಿ ಔಷಧಿ ಇದೆ, ಮಗು ಹೀಗೆ ಆಡ್ತಿದೆ. ನಿಮ್ಮ ಗೆರೆ ನೋಡ್ಕೊಂಡು ಕೂರ್ಲಾ?" ಎನ್ನುತ್ತಿದ್ದಳು ಹೆಂಡತಿ.

"ಗೆರೆ ಅಂದ್ರೆ ಗೆರೆ ಕಣೆ. ಈಗ ಓಡಿ ಹೋಗಿ ಹೊಸದು ತರ್ತೀನಿ."

"ಆ ಜಿಪುಣರು ಹಾಕಿದ ಗೆರೆ!"

ಕಹಿ ಒಳಗೆ ಹೋದಾಗ ಹೆಂಡತಿಯ ಕೈಯಲ್ಲಿ ಡ್ರಾಪರ್ ಇತ್ತು. ಬಾಟಲಿಯ ಮುಂದೆ ಗಂಡ ಅಡ್ಡ ನಿಂತಿದ್ದ. ಬಾಟಲಿಗೆಂದೇ ಅವನು ಒಂದು ಮರದ ಚೌಕಟ್ಟು ಮಾಡಿದ್ದ, ಒಳಗೆ ಮೆತ್ತನೆಯ ಬಟ್ಟೆ ಹೊದಿಸಿದ್ದ, ಬಾಗಿಲು ಬಡಿದರೂ ಅದು ಅದುರದಂತೆ. ಜೀವಮಾನವೆಲ್ಲ ಗೆರೆಯ ಮೇಲೆ ಕತ್ತರಿಸಿದವನು. ಗೆರೆ ದಾಟಿದರೆ ಗಾಜು ಹಾಳು ಎಂಬುದು ಅವನ ಮೂಳೆಯಲ್ಲಿತ್ತು.

"ಯಾರೂ ಏನೂ ಕೊಡಬೇಡಿ," ಎಂದಳು ಕಹಿ. "ನೀವು ದಿನಾ ಹೇಗೆ ಕೊಡ್ತೀರಿ, ನಂಗೆ ತೋರಿಸಿ."

ಅವನು ತೋರಿಸಿದ, ಸ್ವಲ್ಪ ಹೆಮ್ಮೆಯಿಂದಲೇ. ಮಂಡಿಯೂರಿ, ಒಂದು ಕಣ್ಣು ಮುಚ್ಚಿ, ಡ್ರಾಪರಿನ ಗೆರೆಯನ್ನು ಕಣ್ಣಿನ ಮಟ್ಟಕ್ಕೆ ತಂದ. ಮೊದಲ ದಿನ ಅವಳು ಹೇಳಿದಂತೆ ಅಲ್ಲಾಡಿಸಿದ್ದನಂತೆ. ನೊರೆ ಎದ್ದಿತು. ನೊರೆಯಲ್ಲಿ ಗೆರೆ ಸರಿಯಾಗಿ ಕಾಣಲಿಲ್ಲ, ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಕೂಸಿಗೆ ಕಷ್ಟವೆಂದು ಹೆದರಿದ. ಮರುದಿನದಿಂದ ಬಾಟಲಿಯನ್ನು ಕದಲಿಸದೆ, ಮೇಲಿನಿಂದ ತಿಳಿಯನ್ನು ಮಾತ್ರ ತೆಗೆದ. ಒಂದು ದಿನವೂ ಅಳತೆ ತಪ್ಪಿಲ್ಲ ಎಂದ.

ತಪ್ಪಿಲ್ಲವೆಂದು ಕಹಿಗೂ ಗೊತ್ತಿತ್ತು. ಬಾಟಲಿಯನ್ನು ಒಂದು ಬಟ್ಟಲಿಗೆ ಬಗ್ಗಿಸಿದಳು. ತಡೆದು ತಡೆದು, ಬಿಳಿಯ ಮುದ್ದೆ ಜಾರಿ ಬಿತ್ತು.

"ಇಷ್ಟು ದಿನ ಮಗೂಗೆ ಸಿಕ್ಕಿದ್ದು ಬಹುಪಾಲು ಸಕ್ಕರೆ ನೀರು. ಅಷ್ಟೂ ದಿನದ ಔಷಧಿ ಇಲ್ಲಿದೆ."

"ಹಾಗಾದ್ರೆ ಇದನ್ನೇ ಕೊಡಬಹುದಿತ್ತಲ್ವಾ?" ಎಂದಳು ತಾಯಿ.

"ಕೊಟ್ಟಿದ್ರೆ ಮಗು ಉಳೀತಿರಲಿಲ್ಲ."

ಕೆಳಗೆ ಅಂಗಡಿಯಲ್ಲಿ ಯಾರೋ ಗಾಜಿನ ಮೇಲೆ ಗೆರೆ ಎಳೆದ ಸದ್ದು ಸೀಳಿಕೊಂಡು ಬಂತು. ತಾಯಿ ಡ್ರಾಪರನ್ನು ಕೆಳಗಿಟ್ಟಳು, ಅದು ಸುಡುತ್ತದೆ ಅನ್ನುವ ಹಾಗೆ. ಗಾಜಿನವನು ಬಟ್ಟಲನ್ನೇ ನೋಡುತ್ತ, ನಾನು ಸರಿಯಾಗೇ ಅಳೆದೆನಲ್ಲ ಎಂದ. ಅಲ್ಲಾಡಿಸಿ ಎಂದು ತಾನು ಹೇಳಿದ್ದು ನಿಜ; ಯಾಕೆಂದು ಹೇಳಿರಲಿಲ್ಲ, ಮಾಡಿ ತೋರಿಸಿ ಎಂದೂ ಕೇಳಿರಲಿಲ್ಲ. ಅದನ್ನು ಅವನಿಗೆ ಹಾಗೇ ಹೇಳಿದಳು.

ಡಾಕ್ಟರಿಗೆ ಫೋನು ಹೋಯಿತು. ಅವರು, ಕೂಡಲೇ ಕರೆತನ್ನಿ, ಪ್ರಮಾಣ ಮೊದಲಿನಷ್ಟೇ ಇರಲಿ ಎಂದರು. ಗಂಡಹೆಂಡಿರು ಕೂಸನ್ನೆತ್ತಿಕೊಂಡು ಬಾಡಿಗೆ ಕಾರು ಹತ್ತಿದರು. ಕಹಿ ಅಂಗಡಿಗೆ ಮರಳಿ ಕಲ್ವ ಹಿಡಿದಳು. ಈ ಸಲ ಪಾಕ ಬದಲಿಸಿದಳು, ಪುಡಿಯನ್ನು ಬೇಗ ತಳಕ್ಕೆ ಬಿಡದ, ಹೆಚ್ಚು ನೊರೆ ಏಳದ ಮಂದ ಪಾಕ. ಡ್ರಾಪರಿನ ಬದಲು ಸೂಜಿಯಿಲ್ಲದ ಸಣ್ಣ ಸಿರಿಂಜು. ಅಣ್ಣ ಪಕ್ಕದಲ್ಲಿ ನಿಂತಿದ್ದ. ಕಾಗದ ಮಡಚಿ ಹಲ್ಲು ಕತ್ತರಿಸಿದವನು ಅವನೇ. ಕೆಂಪು ಬಳಿಯುವಾಗ ಗೆರೆ ಸೊಟ್ಟಗಾಯಿತು. ಕಿತ್ತು ಹಾಕಿ ಇನ್ನೊಂದು ಬಳಿದ.

ಕೂಸು ಕೆಲವು ದಿನ ಆಸ್ಪತ್ರೆಯಲ್ಲೇ ಇತ್ತು. ಕುಲುಕಿದ ಔಷಧಿ ಹೊಟ್ಟೆಗೆ ಬಿದ್ದ ಮೇಲೆ ಉಸಿರು ಹದಕ್ಕೆ ಬಂತು, ಹಾಲು ಎಳೆಯತೊಡಗಿತು ಎಂದು ಡಾಕ್ಟರು ಹೇಳಿದರು. ಬಡಗಿ ಬಂದಾಗ ಅಣ್ಣ ಅವನನ್ನು ಅಂಗಡಿಯ ಮುಂಭಾಗಕ್ಕೆ ಕರೆದೊಯ್ದು, ಶಾಂಪೂ ಸಾಲು ಕಿತ್ತರೆ ಇಲ್ಲೇ ಫ್ರಿಜ್ ಹಿಡಿಯುತ್ತದೋ ಎಂದು ಅಳತೆ ಮಾಡಿಸಿದ.

ಗಾಜಿನವನು ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದು ಕಹಿ ಎಣಿಸಿದ್ದಳು. ಬಂದರೂ ಬಾಯಿಗೆ ಬಂದಂತೆ ಬೈಯಲು ಬರುತ್ತಾನೆ, ಬೈಯಲಿ. ಅಣ್ಣ ಏನು ಹೇಳಬೇಕೆಂದು ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಂಡದ್ದೂ ಅವಳಿಗೆ ಗೊತ್ತಿತ್ತು.

ಒಂದು ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಅವನು ನಿಂತಿದ್ದ. ಪಕ್ಕದಲ್ಲಿ ಹೆಂಡತಿ, ಹೆಗಲ ಮೇಲೆ ಕೂಸು. ಕೌಂಟರಿನ ಮೇಲೆ ಕೆಂಪಿನವರೆಗೆ ಇಳಿದ ಬಾಟಲಿ ಇಟ್ಟು, ಗಾಯದ ಗೆರೆಗಳ ಆ ಅಂಗೈಯನ್ನು ಚಾಚಿದ. ಹೊಸದು ಕೊಡಿ ಎಂಬ ಕೈ, ಅಷ್ಟೇ.

ಕಹಿ ಆ ಕೈಯನ್ನು ನೋಡುತ್ತ ನಿಂತಳು. ಬಹಳ ಹಿಂದೆ ಇದೇ ಅಂಗಡಿಯ ಬಾಗಿಲಲ್ಲಿ ಚಾಚಿದ್ದ ಇನ್ನೊಂದು ಕೈ ಅವಳು ಕಂಡದ್ದಲ್ಲ, ಕೇಳಿದ್ದು. ಆದರೂ ಅದು ಅಲ್ಲಿತ್ತು. ಆಮೇಲೆ ಗಡುಸಾಗಿ, "ನೀವೇ ಅಲ್ಲಾಡಿಸಿ. ನನ್ನ ಮುಂದೆ," ಎಂದಳು.

ಅವನು ಹೊಸ ಬಾಟಲಿ ಹಿಡಿದ. ಒಂದಿಷ್ಟು ಓಲಾಡಿಸಿದ.

"ಇದು ತೊಟ್ಟಿಲಲ್ಲ," ಎಂದಳು.

ಅವನು ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಜನ್ಮದಲ್ಲಿ ಮೊದಲ ಸಲ ಒಂದು ಗಾಜನ್ನು ಶಕ್ತಿಯಿದ್ದಷ್ಟೂ ಕುಲುಕಿದ. ಹೆಂಡತಿಗೆ ನಗು ತಡೆಯಲಾಗಲಿಲ್ಲ. ಎದುರಿನ ಕ್ಷೌರಿಕ ಕತ್ತರಿ ನಿಲ್ಲಿಸಿ ನೋಡಿದ. ಕಹಿ ಸಿರಿಂಜಿಗೆ ಎಳೆದು, ಬೆಳಕಿಗೆ ಹಿಡಿದು, ಗಾಳಿ ಕಳೆದು, ಗೆರೆಗೆ ಇಳಿಸಿ ಅವನ ಕೈಗಿತ್ತಳು. ಅವನು ಕೂಸಿನ ತುಟಿಗೆ ತಾಗಿಸಿದ.

ಕೂಸಿಗೆ ಯಾರ ಪರಿಚಯವೂ ಇರಲಿಲ್ಲ, ಯಾವುದರ ಲೆಕ್ಕವೂ ತಿಳಿದಿರಲಿಲ್ಲ. ಒಂದು ಗಳಿಗೆ ಕಹಿಯನ್ನೇ ದಿಟ್ಟಿಸಿತು. ಆಮೇಲೆ ಬಾಯಿ ತೆರೆಯಿತು.